ಅಕ್ವೇರಿಯಂ ಇರುವ ಕೋಣೆಗೆ ಎಂಥ ಮಂಚ?

ಪ್ರಶ್ನೆ: ಉಡುಪಿಯ ಸಂತೆಕಟ್ಟೆಯಲ್ಲಿ ಎರಡನೇ ಮಹಡಿಯ ಫ್ಲ್ಯಾಟ್ ನಮ್ಮದು. ಬೆಡ್‌ರೂಮ್ ಪೂರ್ವ–ಪಶ್ಚಿಮ 10 ಅಡಿ, ಉತ್ತರ–ದಕ್ಷಿಣ 12 ಅಡಿ. ಉತ್ತರದ ಗೋಡೆಯುದ್ದಕ್ಕೂ 2 ಅಡಿ ಆಳದ ಕಪಾಟು. ಪಶ್ಚಿಮಕ್ಕೆ ಕಿಟಕಿ. ಬಾಗಿಲು ಪೂರ್ವದ ಗೋಡೆಯಲ್ಲಿ, ಕಪಾಟಿಗೆ ತಾಗಿಕೊಂಡು. ಅದೇ ಗೋಡೆಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಇದೆ. ಮುಚ್ಚಳ ಇಲ್ಲ, ಗಾಳಿ ಪಂಪ್ ಸ್ಟ್ಯಾಂಡಿನ ಕೆಳಗಿದೆ. ಕಳೆದ ಮಳೆಗಾಲದಲ್ಲಿ ಹಳೆಯ ಮಂಚದ ಅಡಿಗೆ ಬೂಷ್ಟು ಬಂದಿತ್ತು. ಈಗ ನಾವಿಬ್ಬರಿಗೆ 6 × 6½ ಅಡಿಯ ಹೈಡ್ರಾಲಿಕ್ ಸ್ಟೋರೇಜ್ ಮಂಚ ತೆಗೆದುಕೊಳ್ಳುವ ಯೋಚನೆ. ಅಂಗಡಿಯವರು ಎಂಜಿನಿಯರ್ಡ್ ವುಡ್ ಸಾಕು ಎನ್ನುತ್ತಾರೆ, ಮಾವ ಹಲಸಿನ ಮರದ್ದೇ ಮಾಡಿಸಿ ಎನ್ನುತ್ತಾರೆ. ಅತ್ತೆಯವರದು ಒಂದೇ ಮಾತು: ಉತ್ತರಕ್ಕೆ ತಲೆ ಹಾಕಬಾರದು. ರಾತ್ರಿ ಪಂಪಿನ ಗುಂಯ್ ಸದ್ದು ತಲೆದಿಂಬಿನವರೆಗೂ ಬರುತ್ತದೆ. ಏನು ಮಾಡುವುದು?

ಉತ್ತರ: ಹೈಡ್ರಾಲಿಕ್ ಮಂಚ ಬೇಡ, 6 ಅಡಿ ಅಗಲವೂ ಬೇಡ. 5 × 6½ ಅಡಿಯ ಹಾಸಿಗೆ ಹಿಡಿಯುವ, ನಾಲ್ಕು ಕಾಲಿನ ಮೇಲೆ ನಿಂತು ಅಡಿ ಪೂರ್ತಿ ತೆರೆದಿರುವ, ರೀಪು ಹೊಡೆದ ಗಟ್ಟಿಮರದ ಮಂಚ ಮಾಡಿಸಿ. ಹಲಸು ಆಗಬಹುದು, ಒಂದೆರಡು ಷರತ್ತಿನ ಮೇಲೆ. ತಲೆ ದಕ್ಷಿಣಕ್ಕಿರಲಿ. ಅತ್ತೆಯವರ ಮಾತಿಗೂ ಈ ಕೋಣೆಯ ಲೆಕ್ಕಕ್ಕೂ ಅದೇ ಹೊಂದುತ್ತದೆ.

ಮೊದಲು ಅಗಲದ ವಿಷಯ. ಅದನ್ನು ಇಲ್ಲಿ ಬಕೆಟ್ ತೀರ್ಮಾನಿಸುತ್ತದೆ. ನಿಮ್ಮ ಟ್ಯಾಂಕ್ ಕಂಠಮಟ್ಟ ತುಂಬಿದರೆ 191 ಲೀಟರ್, ಮೇಲೆ ಎರಡಿಂಚು ಬಿಟ್ಟು ತುಂಬಿದರೆ ಸುಮಾರು 170. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರು ಬದಲಿಸಬೇಕು, ಅಂದರೆ ಹತ್ತಿರಹತ್ತಿರ 40 ಲೀಟರ್ ಹೊರಗೆ, ಅಷ್ಟೇ ಒಳಗೆ. 15 ಲೀಟರಿನ ಬಕೆಟ್ಟಿಗೆ ಎರಡೂವರೆ ಬಕೆಟ್ ತೆಗೆಯುವುದು, ಎರಡೂವರೆ ಬಕೆಟ್ ಹಾಕುವುದು. ಟ್ಯಾಂಕಿನ ಎದುರು ಬಕೆಟ್ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಪೈಪಿನ ತುದಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಜಲ್ಲಿ ಕೆದಕಬೇಕಾದರೆ 30 ಇಂಚು ಜಾಗ ಬೇಕು. ಟ್ಯಾಂಕಿನ ಹಿಂದೆ ಪೈಪು, ತಂತಿ, ಒರೆಸುವ ಬಟ್ಟೆ ಹೋಗಲು 4 ಇಂಚು ಬೇಕು.

ಈಗ ಕೂಡಿಸಿ ನೋಡಿ. ಕೋಣೆ ಅಡ್ಡಕ್ಕೆ 120 ಇಂಚು. ಪೂರ್ವದ ಗೋಡೆಯಿಂದ 4 ಇಂಚು ಬಿಡುವು, 18 ಇಂಚು ಟ್ಯಾಂಕ್, 30 ಇಂಚು ಓಡಾಟಕ್ಕೆ, ಒಟ್ಟು 52. ಉಳಿಯಿತು 68. ಐದಡಿ ಹಾಸಿಗೆಯ ಮಂಚಕ್ಕೆ ಚೌಕಟ್ಟು ಸೇರಿ 62 ಇಂಚು, ಪಶ್ಚಿಮದ ಗೋಡೆಯ ಕಡೆ ಇನ್ನೂ 6 ಇಂಚು ಸಿಗುತ್ತದೆ. ಆರಡಿ ಹಾಸಿಗೆಯಾದರೆ ಚೌಕಟ್ಟು 74 ಇಂಚು. ಪಶ್ಚಿಮಕ್ಕೆ ಅದೇ 6 ಇಂಚು ಬಿಟ್ಟರೆ ಟ್ಯಾಂಕಿನೆದುರು ಉಳಿಯುವುದು 18 ಇಂಚು. ಅಷ್ಟರಲ್ಲಿ ಅಡ್ಡ ನಡೆದುಹೋಗಬಹುದು, ಬಗ್ಗಲು ಆಗುವುದಿಲ್ಲ. ಆಗ ಜನ ಹಾಸಿಗೆಯ ಮೇಲೆ ಕೂತೇ ಪೈಪ್ ಹಾಕುತ್ತಾರೆ. ನೀರು ಹಾಸಿಗೆಗೆ ಬೀಳುವುದು ಹೀಗೆ. ಆರಡಿ ಬೇಕೇಬೇಕು ಎಂದಾದರೆ ಟ್ಯಾಂಕನ್ನು ಹಾಲ್‌ಗೆ ಸಾಗಿಸಿ, ನಡುದಾರಿ ಹುಡುಕಬೇಡಿ.

ಪಶ್ಚಿಮದ 6 ಇಂಚನ್ನೂ ಯಾವ ಕಾರಣಕ್ಕೂ ತಿನ್ನಬೇಡಿ. ಮುಂಗಾರಿನ ಗಾಳಿಮಳೆ ಕರಾವಳಿಯಲ್ಲಿ ಹೊಡೆಯುವುದು ಪಶ್ಚಿಮ, ನೈಋತ್ಯದ ಗೋಡೆಗೇ. ಮುರಕಲ್ಲಿನದಿರಲಿ ಕಾಂಕ್ರೀಟ್ ಬ್ಲಾಕಿನದಿರಲಿ, ಜುಲೈ ಹೊತ್ತಿಗೆ ಆ ಗೋಡೆಯ ಒಳಮೈ ಮುಟ್ಟಿದರೆ ತಣ್ಣಗೆ ಇರುತ್ತದೆ. ಅದಕ್ಕೆ ಮಂಚ ಆನಿಸಿದರೆ ನಡುವಿನ ಗಾಳಿ ನಿಂತುಹೋಗುತ್ತದೆ, ಹಾಸಿಗೆಯ ಆ ಬದಿಗೆ ಕಪ್ಪು ಚುಕ್ಕೆ ಏಳುತ್ತದೆ. ತಲೆಯ ಕಡೆ ದಕ್ಷಿಣದ ಗೋಡೆಗೂ 3 ಇಂಚು ಬಿಡಿ.

ಉದ್ದದ ಲೆಕ್ಕ ಸಲೀಸು. 144 ಇಂಚಿನಲ್ಲಿ ಕಪಾಟಿಗೆ 24 ಹೋಯಿತು, ಮಂಚಕ್ಕೆ ಚೌಕಟ್ಟು ಮತ್ತು ಗೋಡೆಯ ಬಿಡುವು ಸೇರಿ 85. ಕಾಲ ಬುಡದಲ್ಲಿ 35 ಇಂಚು ಸಿಗುತ್ತದೆ, ಕಪಾಟಿನ ಕದ ತೆರೆಯಲು ಸಾಕು. ಆದರೆ ಕಿಟಕಿಯ ಕಡೆ ಮಲಗುವವರು ಆ 6 ಇಂಚಿನಲ್ಲಿ ಇಳಿಯಲಾರರು, ಕಾಲ ಬುಡದಿಂದಲೇ ಇಳಿಯಬೇಕು. ಹಾಗಾಗಿ ಮಂಚದ ಕಾಲ್ಕಡೆಯ ಹಲಗೆ ಹಾಸಿಗೆಗಿಂತ ಮೇಲೆ ಬರಬಾರದು. ಕೆತ್ತನೆಯ ಎತ್ತರದ ಹಲಗೆ ನೋಡಲು ಚೆಂದ, ರಾತ್ರಿ ಎದ್ದಾಗ ಮೊಣಕಾಲಿಗೆ ಬಡಿಯುತ್ತದೆ.

ಟ್ಯಾಂಕನ್ನು ತಲೆದಿಂಬಿನ ನೇರಕ್ಕೆ ಇಡಬೇಡಿ. ದಕ್ಷಿಣದ ಗೋಡೆಯಿಂದ 42 ಇಂಚು ಬಿಟ್ಟು ಶುರುವಾಗಲಿ, ಅಲ್ಲಿಂದ 78 ಇಂಚಿನವರೆಗೆ ಟ್ಯಾಂಕ್, ಅದರಾಚೆ ಬಾಗಿಲು. ಮಲಗಿದವರ ತೊಡೆ, ಪಾದದ ನೇರಕ್ಕೆ ಬರುತ್ತದೆ. ದಿಂಬಿನಿಂದ ಓರೆಯಾಗಿ ಪೂರ್ತಿ ಕಾಣುತ್ತದೆ, ಸದ್ದೂ ಬೆಳಕೂ ಅಷ್ಟು ದೂರ ಸರಿದಂತಾಗುತ್ತದೆ. ಎತ್ತರವನ್ನೂ ಹೊಂದಿಸಬಹುದು. ಹಾಸಿಗೆಯ ಮೇಲ್ಮೈ ನೆಲದಿಂದ 20 ಇಂಚಿದ್ದು ಸ್ಟ್ಯಾಂಡ್ 28 ಇಂಚಿದ್ದರೆ, ದಿಂಬಿಗೊರಗಿ ಅರ್ಧ ಕೂತವರ ಕಣ್ಣಿಗೆ ಟ್ಯಾಂಕಿನ ನಡುಮಟ್ಟ ಸಿಗುತ್ತದೆ. ಈಗ ಬಂದಿರುವ ತೀರಾ ತಗ್ಗಿನ ಮಂಚದಲ್ಲಿ ಮಲಗಿದರೆ ಕಾಣುವುದು ಸ್ಟ್ಯಾಂಡಿನ ಬಾಗಿಲು ಮಾತ್ರ.

ಇನ್ನು ಸ್ಟೋರೇಜ್ ಮಂಚ ಏಕೆ ಬೇಡ ಎಂಬುದು. ಅಕ್ವೇರಿಯಂ ಇರುವ ಕೋಣೆಯಲ್ಲಿ ನೆಲಕ್ಕೆ ನೀರು ಬೀಳುತ್ತದೆ, ಅದರಲ್ಲಿ ಅನುಮಾನ ಬೇಡ. ಟ್ಯಾಂಕ್ ಒಡೆಯುವುದು ಅಪರೂಪ. ಹೆಚ್ಚಾಗಿ ಆಗುವುದು ಸಣ್ಣಪುಟ್ಟ ಅವಾಂತರ: ಪೈಪಿನ ತುದಿ ಬಕೆಟ್ಟಿನಿಂದ ಜಾರುವುದು, ಕೊಳಾಯಿಯಿಂದ ಪೈಪ್ ಎಳೆದು ತುಂಬಲು ಬಿಟ್ಟು ಫೋನ್ ಬಂತೆಂದು ಮರೆಯುವುದು, ಹಿಂಬದಿಗೆ ತೂಗುಹಾಕಿದ ಫಿಲ್ಟರಿನ ಸ್ಪಂಜು ಕಟ್ಟಿಕೊಂಡು ನೀರು ಆಚೆ ಉಕ್ಕುವುದು. ತೆರೆದ ಕಾಲಿನ ಮಂಚವಾದರೆ ಕಾಣುತ್ತದೆ, ಒರೆಸುತ್ತೀರಿ, ಮುಗಿಯಿತು. ಬಾಕ್ಸ್ ಮಂಚ ನೆಲಕ್ಕೆ ಕೂತಿರುತ್ತದೆ. ನೀರು ಅದರ ತಳದಂಚಿನ ಕೆಳಗೆ ನುಸುಳಿದರೆ ಮಾಪ್ ಹೋಗುವುದಿಲ್ಲ, ಫ್ಯಾನಿನ ಗಾಳಿಯೂ ಹೋಗುವುದಿಲ್ಲ.

ಅಂಗಡಿಯವರು ಎಂಜಿನಿಯರ್ಡ್ ವುಡ್ ಎನ್ನುವುದು ಹೆಚ್ಚಿನಂಶ ಪಾರ್ಟಿಕಲ್ ಬೋರ್ಡ್, ಇಲ್ಲವೇ ಎಂಡಿಎಫ್. ಮರದ ಚೂರು ಅಥವಾ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ. ಮೇಲಿನ ಲ್ಯಾಮಿನೇಟಿಗೆ ನೀರು ತಾಗಿದರೆ ಏನೂ ಆಗುವುದಿಲ್ಲ, ಅಂಗಡಿಯಲ್ಲಿ ನೀರು ಚಿಮುಕಿಸಿ ತೋರಿಸುವುದೂ ಅಲ್ಲಿಗೇ. ನೀರು ಕುಡಿಯುವುದು ತಳದ ಕತ್ತರಿಸಿದ ಅಂಚು. ಆ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಲ್ಯಾಮಿನೇಟ್ ಎದ್ದು ನಿಲ್ಲುತ್ತದೆ, ಒಳಗಿನ ಸ್ಕ್ರೂ ಹಿಡಿತ ಬಿಡುತ್ತದೆ. ಹೈಡ್ರಾಲಿಕ್ ಮಂಚದಲ್ಲಿ ಹಾಸಿಗೆಯ ಭಾರವನ್ನೆಲ್ಲ ಎತ್ತುವ ಗ್ಯಾಸ್ ರಾಡ್ ನಿಂತಿರುವುದು ಅಂಥ ನಾಲ್ಕೈದು ಸ್ಕ್ರೂಗಳ ಮೇಲೆಯೇ. ಒಂದು ಕಡೆಯದ್ದು ಸಡಿಲಾದರೆ ಚೌಕಟ್ಟು ಓರೆಯಾಗಿ ಏಳುತ್ತದೆ.

ಹಳೆಯ ಮಂಚದ ಅಡಿಗೆ ಬಂದ ಬೂಷ್ಟಿಗೆ ಚೆಲ್ಲಿದ ನೀರೇ ಬೇಕಿರಲಿಲ್ಲ, ಆವಿ ಸಾಕಿತ್ತು. ಟ್ಯಾಂಕಿನ ಗಾಜಿಗೆ ನೀರಿನ ಮಟ್ಟದಲ್ಲಿ ಒಂದು ಟೇಪ್ ತುಂಡು ಅಂಟಿಸಿ. ನಿಮ್ಮ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 4.2 ಲೀಟರ್ ನೀರು ಕೋಣೆಯ ಗಾಳಿಗೆ ಸೇರಿದೆ ಎಂದರ್ಥ. ಈ ಕೋಣೆ 10 ಅಡಿ ಎತ್ತರವಿದ್ದರೆ ಅದರೊಳಗೆ 34 ಘನ ಮೀಟರ್ ಗಾಳಿ ಇರುತ್ತದೆ. 28 ಡಿಗ್ರಿಯಲ್ಲಿ ಅಷ್ಟು ಗಾಳಿ ಹಿಡಿದುಕೊಳ್ಳಬಲ್ಲ ಒಟ್ಟು ಆವಿ ಒಂದು ಲೀಟರಿಗೂ ಕಡಿಮೆ, ಅದರಲ್ಲೂ ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಗಾಳಿ ಮೊದಲೇ ಮುಕ್ಕಾಲುಪಾಲಿಗಿಂತ ಹೆಚ್ಚು ತುಂಬಿರುತ್ತದೆ. ಹೆಚ್ಚಾದದ್ದು ಎಲ್ಲಿ ತಂಪೋ, ಎಲ್ಲಿ ಗಾಳಿ ಆಡುವುದಿಲ್ಲವೋ ಅಲ್ಲಿ ಹೋಗಿ ಕೂರುತ್ತದೆ: ಕಪಾಟಿನ ಹಿಂಬದಿ, ಹಾಸಿಗೆಯ ತಳ. ಬಾಕ್ಸ್ ಮಂಚವಾದರೆ ಒಳಗೆ ಮಡಚಿಟ್ಟ ರೇಷ್ಮೆ ಸೀರೆಯ ಮಡಿಕೆಯಲ್ಲಿ.

ಆದ್ದರಿಂದ ಮಂಚಕ್ಕಿಂತ ಮೊದಲು ಟ್ಯಾಂಕಿಗೆ ಮುಚ್ಚಳ ಮಾಡಿಸಿ. 5 ಮಿ.ಮೀ. ಗಾಜು ಎರಡು ತುಂಡು, ಅಂಚು ತಿಕ್ಕಿಸಿದ್ದು, ಹಿಂದಿನ ಮೂಲೆಯಲ್ಲಿ ಪೈಪು ತಂತಿಗೆ ಅಂಗುಲದಷ್ಟು ಕಚ್ಚು. ತೆಳು ಅಕ್ರಿಲಿಕ್ ಹಾಳೆ ಬೇಡ. ಅಡಿಮೈ ತೇವ, ಮೇಲ್ಮೈ ಒಣ, ಹೀಗಾಗಿ ಅದು ಒಂದೆರಡು ತಿಂಗಳಲ್ಲಿ ದೋಣಿಯ ಹಾಗೆ ಬಾಗುತ್ತದೆ. ಮುಚ್ಚಳ ಬಿದ್ದ ಮೇಲೆ ಟೇಪಿನ ಗುರುತು ನೋಡುತ್ತಿರಿ, ಇಳಿತ ಎಷ್ಟು ನಿಧಾನವಾಯಿತೆಂದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಿಟಕಿ ತೆರೆದರೆ ಕೋಣೆ ಒಣಗುತ್ತದೆ ಎಂದುಕೊಳ್ಳಬೇಡಿ, ಹೊರಗಿನ ಗಾಳಿಯೇ ಒದ್ದೆ. ಎಸಿ ಇದ್ದರೆ ಸಂಜೆ ಎರಡು ಗಂಟೆ ಡ್ರೈ ಮೋಡಿನಲ್ಲಿ ಓಡಿಸಿ, ಗಾಳಿ ನೇರ ಟ್ಯಾಂಕಿಗೆ ಹೊಡೆಯದಂತೆ ರೆಕ್ಕೆ ತಿರುಗಿಸಿ. ಒಂದು ಸಣ್ಣ ಆರ್ದ್ರತಾಮಾಪಕ ತಂದು ಮಂಚದ ಅಡಿಗೇ ಇಡಿ, ಮೇಜಿನ ಮೇಲಲ್ಲ. ಅಲ್ಲಿ ದಿನಗಟ್ಟಲೆ ಶೇ 75ರ ಮೇಲೆ ನಿಂತರೆ ಬೂಷ್ಟು ಹೊರಟಿತೆಂದೇ ತಿಳಿಯಿರಿ.

ಮರಕ್ಕೆ ಬರೋಣ. ಸಾಗುವಾನಿ ಎಲ್ಲಕ್ಕಿಂತ ನಿರಾಳ, ದುಡ್ಡಿದ್ದರೆ ಯೋಚಿಸಬೇಕಾಗಿಲ್ಲ. ಹಲಸು, ಹೆಬ್ಬಲಸು ಕರಾವಳಿಯ ತೇವ ಕಂಡ ಮರಗಳೇ. ಆದರೆ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗ, ಮಾತ್ರ. ಸುತ್ತಿನ ಬಿಳಿ ಭಾಗ ಸೇರಿಸಿ ಕೊಯ್ದರೆ ಕುಟ್ಟೆ ಹುಳ ಅಲ್ಲಿಂದಲೇ ಶುರು ಮಾಡುತ್ತದೆ. ಆಚಾರಿ ಬದಿಯ ಹಲಗೆ ತೋರಿಸುವಾಗ ಎರಡೂ ಅಂಚು ನೋಡಿ, ಒಂದು ಅಂಚು ಹಳದಿ, ಇನ್ನೊಂದು ಕೆನೆಬಿಳಿ ಇದ್ದರೆ ಆ ಬಿಳಿ ಕೊಯ್ದು ತೆಗೆಯಲು ಹೇಳಿ. ಅಕೇಶಿಯಾ ಗಟ್ಟಿ, ಅಗ್ಗ, ಆದರೆ ಸರಿಯಾಗಿ ಆರದಿದ್ದರೆ ತಿರುಚುತ್ತದೆ. ರಬ್ಬರ್ ಮರ ಫ್ಯಾಕ್ಟರಿಯಲ್ಲಿ ಒತ್ತಡದಲ್ಲಿ ಔಷಧಿ ಕೊಟ್ಟದ್ದಾದರೆ ಸರಿ, ತೋಟದಿಂದ ನೇರ ಮಿಲ್ಲಿಗೆ ಬಂದದ್ದು ಈ ಕೋಣೆಗೆ ಬೇಡ.

ಆರಿದೆಯೋ ಇಲ್ಲವೋ ನೋಡಲು ಮಾಯಿಶ್ಚರ್ ಮೀಟರ್ ಇದ್ದರೆ ಶೇ 15ರ ಕೆಳಗೆ ತೋರಿಸಬೇಕು. ಇಲ್ಲದಿದ್ದರೆ ಅದೇ ಹಲಗೆಯ ತುಂಡೊಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಹದಿನೈದು ದಿನ ಫ್ಯಾನಿನಡಿ ಇಟ್ಟು ಮತ್ತೆ ತೂಗಿ. ಇಳಿಯುತ್ತಲೇ ಇದ್ದರೆ ಮರ ಇನ್ನೂ ಹಸಿ. ಕೆಲಸ ಡಿಸೆಂಬರಿನಿಂದ ಏಪ್ರಿಲಿನೊಳಗೆ ಮುಗಿಸಿಕೊಳ್ಳಿ. ಮಳೆಯಲ್ಲಿ ಪಾಲಿಶ್ ಹೊಡೆದರೆ ಮೇಲೆ ಹಾಲು ಬಳಿದಂತೆ ಬಿಳಿ ಮಬ್ಬು ಬರುತ್ತದೆ, ತೇವ ಪದರದೊಳಗೆ ಸಿಕ್ಕಿಕೊಂಡ ಗುರುತು ಅದು.

ಒಂದು ಎಚ್ಚರಿಕೆ ಆಚಾರಿಗೆ ನೀವೇ ಹೇಳಬೇಕು, ಅವರಿಗೆ ಹೊಳೆಯುವುದಿಲ್ಲ. ಒರಲೆ (ಗೆದ್ದಲು), ಕುಟ್ಟೆಗೆಂದು ಮರಕ್ಕೆ ಬಳಿಯುವ ಔಷಧಿಗಳು (ಸೈಪರ್ಮೆಥ್ರಿನ್, ಪರ್ಮೆಥ್ರಿನ್, ಕ್ಲೋರ್‌ಪೈರಿಫಾಸ್) ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಬಳಿದ ಕೈಯನ್ನು ಟ್ಯಾಂಕಿಗೆ ಹಾಕಿದರೂ ಸಾಕು. ಅದರ ಬದಲು ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಬಳಿಸಿ, ಮೇಲೆ ಪಾಲಿಶ್ ಹೊಡೆಸಿ. ಪಾಲಿಶ್ ಕೆಲಸ ಮನೆಯ ಹೊರಗೇ ಆಗಲಿ. ಥಿನ್ನರಿನ ವಾಸನೆ ಹೋಗುವವರೆಗೆ, ಎರಡು ಮೂರು ವಾರವಾದರೂ, ಮಂಚ ಕೋಣೆಯೊಳಗೆ ಬರಬಾರದು. ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದು ನೆನಪಿರಲಿ.

ಮಂಚದಲ್ಲಿ ನೀರಿಗೆ ಎಲ್ಲಕ್ಕಿಂತ ಬೇಗ ಸೋಲುವುದು ಕಾಲಿನ ತಳ. ಮರ ತನ್ನ ಉದ್ದಕ್ಕೆ, ಕೊಳವೆಯಂತಿರುವ ನಾರಿನ ಮೂಲಕ, ನೀರು ಹೀರುತ್ತದೆ. ಅಡ್ಡಮೈಗಿಂತ ಕೊಯ್ದ ತುದಿ ಹತ್ತಾರು ಪಟ್ಟು ಬೇಗ ಕುಡಿಯುತ್ತದೆ. ಪಾಲಿಶ್ ಹೊಡೆಯುವವರು ಮಂಚವನ್ನು ನಿಲ್ಲಿಸಿಕೊಂಡೇ ಹೊಡೆಯುತ್ತಾರೆ, ಹಾಗಾಗಿ ಕಾಲಿನ ಅಡಿ ಬರಿಮರವಾಗಿಯೇ ಉಳಿಯುತ್ತದೆ. ತಲುಪಿಸುವ ದಿನ ಮಂಚ ಮಗುಚಿಸಿ ನೋಡಿ. ತಳ ಬೆಳ್ಳಗೆ ಕಂಡರೆ ಎಪಾಕ್ಸಿಯೋ ಪಿಯು (ಪಾಲಿಯುರಿಥೇನ್) ಪಾಲಿಶೋ ಎರಡು ಮೂರು ಕೈ ಕುಡಿಸಿ. ಒಂದನೆಯ ಕೈ ಪೂರ್ತಿ ಇಂಗಿಹೋಗುತ್ತದೆ, ಅದಕ್ಕೇ ಎರಡನೆಯದು. ಒಣಗಿದ ಮೇಲೆ ಅರ್ಧ ಇಂಚು ದಪ್ಪದ ರಬ್ಬರ್ ಬುಶ್ ಹೊಡೆಸಿ. ಕಾಲು ನೆಲದ ತೇವದಿಂದ ಮೇಲೇಳುತ್ತದೆ, ಟೈಲ್ಸಿನ ಮೇಲೆ ಜಾರುವುದೂ ತಪ್ಪುತ್ತದೆ.

ಬದಿಯ ಹಲಗೆಯ ಕೆಳಗೆ ನೆಲಕ್ಕೆ 9 ಇಂಚು ಬಿಡುವಿರಲಿ. ಮಾಪ್ ಹೋಗಬೇಕು, ಬಾಗಿದರೆ ಆಚೆಯ ಗೋಡೆ ಕಾಣಬೇಕು. ಜಾಗ ಇದೆಯಲ್ಲ ಎಂದು ಸೂಟ್‌ಕೇಸ್ ತುರುಕಿದರೆ ಮತ್ತೆ ಬಾಕ್ಸ್ ಮಂಚವೇ ಆಯಿತು. ಹಾಸಿಗೆಯ ಕೆಳಗೆ ಇಡೀ ಪ್ಲೈವುಡ್ ಹಾಸುವುದು ಇಲ್ಲಿನ ರೂಢಿ. ಅದರ ಬದಲು 3 ಇಂಚು ಅಗಲ, 1 ಇಂಚು ದಪ್ಪದ ರೀಪು ಹಾಕಿಸಿ. 78 ಇಂಚಿಗೆ 15 ರೀಪು ಹಾಕಿದರೆ ನಡುವಿನ ಸಂದು ಎರಡೂವರೆ ಇಂಚಿಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಯಾವ ಹಾಸಿಗೆಯೂ ಕುಸಿಯುವುದಿಲ್ಲ. ಐದಡಿ ಅಗಲಕ್ಕೆ ಮಧ್ಯೆ ಉದ್ದಕ್ಕೊಂದು ತೊಲೆ, ಅದಕ್ಕೆ ನೆಲ ಮುಟ್ಟುವ ಒಂದೆರಡು ಕಾಲು ಬೇಕೇಬೇಕು. ಅದಿಲ್ಲದೆ ರೀಪು ಬಾಗಿ ಮಂಚ ಕಿರುಗುಟ್ಟುತ್ತದೆ. ಸ್ಕ್ರೂ ಸ್ಟೀಲಿನದೋ ಹಿತ್ತಾಳೆಯದೋ ಇರಲಿ. ಪ್ಲೈಯೇ ಬೇಕೆಂದರೆ ಐಎಸ್ 710 ಗುರುತಿನ ಮರೀನ್ ಪ್ಲೈ ತಂದು ಆರಾರು ಇಂಚಿಗೆ ಒಂದಿಂಚಿನ ತೂತು ಕೊರೆಸಿ, ಅಂಚಿಗೆಲ್ಲ ಪಾಲಿಶ್ ಕುಡಿಸಿ.

ಕಬ್ಬಿಣದ ಮಂಚ ಅಗ್ಗಕ್ಕೆ ಸಿಗುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಆದರೆ ಸಮುದ್ರದ ಗಾಳಿಗೆ ಬೆಸುಗೆಯ ಸಂದಿನಲ್ಲಿ ಮೊದಲು ತುಕ್ಕು ಬರುತ್ತದೆ, ಬಣ್ಣದ ಕೆಳಗೇ ಹರಡುತ್ತದೆ. ಮಲ್ಪೆ, ಪಣಂಬೂರಿನ ಕಡಲಬದಿಯ ಮನೆಗಳಿಗೆ ಇನ್ನೂ ಬೇಗ. ಮುಂದೆ ಉಪ್ಪುನೀರಿನ ಟ್ಯಾಂಕ್ ಮಾಡುವ ಆಸೆ ಇದ್ದರೆ ಲೋಹದ ಮಂಚ ಬಿಟ್ಟೇಬಿಡಿ.

ಹಾಸಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಬ್ಬರ್ ಹಾಕಿದ ತೆಂಗಿನ ನಾರಿನ 4 ಇಂಚಿನ ಮೇಲೆ ಒಂದೂವರೆ ಇಂಚು ಲೇಟೆಕ್ಸ್ ಇರುವಂಥದ್ದು ಇಲ್ಲಿನ ಹವೆಗೆ ಚೆನ್ನ, ಒಳಗೆ ಗಾಳಿ ಆಡುತ್ತದೆ. ದಪ್ಪ ಫೋಮ್ ಒಮ್ಮೆ ನೀರು ಕುಡಿದರೆ ಜುಲೈಯಲ್ಲಿ ಒಣಗುವುದೆಂಬುದೇ ಇಲ್ಲ, ಹತ್ತಿಯದ್ದಕ್ಕೆ ಬಿಸಿಲು ಬೇಕು. ಬಿಚ್ಚಿ ಒಗೆಯುವ ಹೊದಿಕೆ, ಅದರೊಳಗೆ ಗಾಳಿಯಾಡುವ ವಾಟರ್‌ಪ್ರೂಫ್ ಪ್ರೊಟೆಕ್ಟರ್. ಬರಿ ಪ್ಲಾಸ್ಟಿಕ್ ಶೀಟ್ ಹಾಸಿದರೆ ಮೈಯ ಬೆವರೇ ಅದರ ಮೇಲೆ ನಿಂತು ಬೂಷ್ಟು ತರಿಸುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಆನಿಸಿ ನಾಲ್ಕು ಗಂಟೆ ಫ್ಯಾನ್ ಹಾಕಿ.

ಪಂಪಿನ ಸದ್ದು. ಸಾಮಾನ್ಯ ಗಾಳಿ ಪಂಪಿನೊಳಗೆ ಅಯಸ್ಕಾಂತ ಕಟ್ಟಿದ ಒಂದು ಸನ್ನೆ, ವಿದ್ಯುತ್ತಿನ 50 ಹರ್ಟ್ಸ್ ತಾಳಕ್ಕೆ ಅಲ್ಲಾಡುತ್ತ ರಬ್ಬರ್ ತಿದಿಯನ್ನು ಒತ್ತುತ್ತದೆ. ಆ ನಡುಕ ಪಂಪಿನಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಗೋಡೆಗೆ ಹೋಗಿ, ಗೋಡೆಗೆ ಒತ್ತಿಕೊಂಡ ಟೊಳ್ಳು ತಲೆಹಲಗೆ ಇದ್ದರೆ ಅದು ಡೋಲಿನಂತೆ ಹಿಡಿದು ನಿಮ್ಮ ಕಿವಿಗೆ ಕೊಡುತ್ತದೆ. ಕುಶನ್ ತುಂಬಿದ ಪ್ಲೈ ಪೆಟ್ಟಿಗೆಯಂಥ ತಲೆಹಲಗೆ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಕುಶನ್ನಿಗೆ ಬೂಷ್ಟೂ ಬರುತ್ತದೆ. ಅಡ್ಡಪಟ್ಟಿಯ ಗಟ್ಟಿಮರದ ಹಲಗೆ, ಗೋಡೆಯಿಂದ 3 ಇಂಚು ದೂರ ಇದ್ದರೆ ಅರ್ಧ ತೊಂದರೆ ಹೋಯಿತು. ಇನ್ನರ್ಧಕ್ಕೆ ಪಂಪನ್ನು ಪಾತ್ರೆ ತಿಕ್ಕುವ ಹೊಸ ಸ್ಪಂಜಿನ ಮೇಲೆ ಕೂರಿಸಿ, ಪೈಪು ಎಲ್ಲೂ ಗಾಜಿಗೆ ಬಿಗಿಯಾಗಿ ತಾಗದಂತೆ ನೋಡಿ. ತೂಗುಹಾಕುವ ಫಿಲ್ಟರಾದರೆ ಜುಳುಜುಳು ಸದ್ದು ನೀರಿನ ಮಟ್ಟ ಇಳಿದ ಗುರುತು, ತುಂಬಿಸಿದರೆ ನಿಲ್ಲುತ್ತದೆ. ರಾತ್ರಿ ಫಿಲ್ಟರನ್ನೇ ಆರಿಸುವುದು ಪರಿಹಾರವಲ್ಲ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಫಿಲ್ಟರಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿ ಉಸಿರುಕಟ್ಟಿ ಸಾಯುತ್ತವೆ.

ನಿಮ್ಮ ಪಂಪ್ ಸ್ಟ್ಯಾಂಡಿನ ಕೆಳಗಿರುವುದು ಸದ್ದಿಗಿಂತ ದೊಡ್ಡ ಸಮಸ್ಯೆ. ಮಳೆಗೆ ಕರೆಂಟ್ ಹೋದ ಕ್ಷಣ ಪೈಪಿನೊಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಪೈಪಿನಲ್ಲಿ ಹಿಂದಕ್ಕೇರಿ ಟ್ಯಾಂಕಿನ ಅಂಚು ದಾಟಿ ಪಂಪಿನ ಮೂಲಕ ನೆಲಕ್ಕಿಳಿಯಬಹುದು. ಗುಳ್ಳೆಯ ಕಲ್ಲು ತಳದಲ್ಲಿದ್ದರೆ ಬೆಳಗಾಗುವುದರೊಳಗೆ ಮಂಚದಡಿ ಕೆರೆ. ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ, ಬಾಣದ ಗುರುತು ಟ್ಯಾಂಕಿನ ಕಡೆಗಿರಬೇಕು. ಹಾಕುವ ಮೊದಲು ಎರಡೂ ತುದಿಯಿಂದ ಊದಿ ನೋಡಿ, ಒಂದೇ ಕಡೆಯಿಂದ ಗಾಳಿ ಹೋಗಬೇಕು. ಒಳಗಿನ ರಬ್ಬರ್ ಗಟ್ಟಿಯಾಗುವ ಕಾರಣ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಬದಲಿಸಿ. ಇಲ್ಲವೇ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಯ ಕೊಕ್ಕೆಗೆ ತೂಗುಹಾಕಿ.

ತಂತಿಗಳೂ ಇದೇ ಮಾತಿಗೆ ಸೇರುತ್ತವೆ. ಪ್ರತಿ ತಂತಿ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿ ಸಾಕೆಟ್ ಸೇರಲಿ, ಆಗ ತಂತಿ ಹಿಡಿದು ಬಂದ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಮಂಚದಡಿ ಹೋಗಲೇಬಾರದು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿಕೊಳ್ಳಿ.

ಆಚಾರಿಗೆ ಇನ್ನೊಂದು ಕೆಲಸವನ್ನೂ ಈಗಲೇ ಹೇಳಿಬಿಡಿ: ನಾಲ್ಕೂ ಮೂಲೆಗೆ ಒಂದಿಂಚಿನ ಸ್ಟೀಲ್ ಪೈಪ್ ಕೂರುವ ಕುಳಿ, ಸೊಳ್ಳೆ ಪರದೆಗೆ. ಲಿಕ್ವಿಡ್ ಸೊಳ್ಳೆನಾಶಕಗಳಲ್ಲಿರುವ ಟ್ರಾನ್ಸ್‌ಫ್ಲುಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಮನುಷ್ಯರಿಗಿಂತ ಮೀನಿಗೆ ಬಹಳ ಪಟ್ಟು ಹೆಚ್ಚು ವಿಷಕಾರಿ, ಮುಚ್ಚಿದ ಕೋಣೆಯಲ್ಲಿ ಪಂಪ್ ಅದನ್ನೂ ನೀರಿಗೆ ಊದುತ್ತದೆ. ಕಾಯಿಲ್ ಹೊಗೆಯೂ ಹಾಗೆಯೇ. ಈ ಕೋಣೆಯಲ್ಲಿ ಪರದೆ ಒಂದೇ ದಾರಿ, ಆಮೇಲೆ ಗೋಡೆಗೆ ಮೊಳೆ ಹೊಡೆದು ದಾರ ಕಟ್ಟುವುದಕ್ಕಿಂತ ಮೊದಲೇ ಕುಳಿ ಮಾಡಿಸುವುದು ಲೇಸು. ನೀರು ಬದಲಿಸಲೆಂದು ಹಿಂದಿನ ದಿನ ಹಿಡಿದಿಟ್ಟ ಬಕೆಟ್ಟಿಗೆ ಬಟ್ಟೆ ಮುಚ್ಚಿ. ಮೀನಿರುವ ಟ್ಯಾಂಕಿನಲ್ಲಿ ಸೊಳ್ಳೆಮರಿ ಉಳಿಯುವುದಿಲ್ಲ, ಬಕೆಟ್ಟಿನಲ್ಲಿ ಉಳಿಯುತ್ತವೆ.

ಟ್ಯಾಂಕಿನ ದೀಪ ದಿನಕ್ಕೆ 7–8 ಗಂಟೆ ಸಾಕು. ಟೈಮರ್ ಹಾಕಿ, ಮಲಗುವ ಒಂದು ಗಂಟೆ ಮೊದಲೇ ಆರಲಿ. ಮೀನಿಗೂ ಕತ್ತಲೆ ಬೇಕು. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು ನೇರ ಪೂರ್ವದ ಟ್ಯಾಂಕಿಗೆ ಬೀಳುತ್ತದೆ, ಪರದೆ ಎಳೆಯದಿದ್ದರೆ ಬೇಸಿಗೆಯಲ್ಲಿ ಗಾಜು ಹಸಿರಾಗುತ್ತದೆ.

ಭಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 170 ಕಿಲೋ ನೀರು, 8 ಮಿ.ಮೀ. ಗಾಜಿನದಾದರೆ 33 ಕಿಲೋ ಗಾಜು, ಜಲ್ಲಿ, ಸ್ಟ್ಯಾಂಡ್ ಸೇರಿ 250 ಕಿಲೋ ದಾಟುತ್ತದೆ. ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಗೋಡೆಯ ಹತ್ತಿರವೇ ಇರುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಹಂಚಿನ ಹಳೆಯ ಮನೆಯ ಉಪ್ಪರಿಗೆ, ಹಲಗೆ ಹಾಸಿದ ನೆಲವಾದರೆ ಮಾತ್ರ ಬೇರೆ ಕಥೆ. ಅಲ್ಲಿ ಟ್ಯಾಂಕಿನ ಪಕ್ಕ ನಡೆದುಹೋಗಿ ನೀರಿನ ಮೇಲ್ಮೈ ನೋಡಿ, ಪ್ರತಿ ಹೆಜ್ಜೆಗೂ ಅಲೆ ಎದ್ದರೆ ತೊಲೆ ಬಾಗುತ್ತಿದೆ, ಟ್ಯಾಂಕ್ ಕೆಳಗಿಳಿಸಬೇಕು.

ಆಚಾರಿಗೆ ಮುಂಗಡ ಕೊಡುವ ಮೊದಲು ಒಂದು ಭಾನುವಾರ ಹಳೆಯ ಮಂಚವನ್ನು ಬಿಚ್ಚಿ ಹೊರಗಿಡಿ. ಹಳೆಯ ದಿನಪತ್ರಿಕೆಗಳನ್ನು ಟೇಪ್ ಹಾಕಿ ಜೋಡಿಸಿ 62 × 82 ಇಂಚಿನ ಹಾಳೆ ಮಾಡಿ, ಹೊಸ ಮಂಚ ಬರುವ ಜಾಗದಲ್ಲೇ ನೆಲಕ್ಕೆ ಹಾಸಿ. ಹಾಳೆ ಹಾಸಿದ ಮೇಲೆ ಆ ವಾರದ ನೀರನ್ನು ಎಂದಿನಂತೆ ಬದಲಿಸಿ, ಬಕೆಟ್ ಎತ್ತಿ ಬಾಗಿಲವರೆಗೆ ಹೋಗಿ ಬನ್ನಿ. ಕೊನೆಗೆ ಕಾಗದ ಒದ್ದೆಯಾಗಿದೆಯೇ, ಬಕೆಟ್ಟಿನ ತಳದ ದುಂಡು ಗುರುತು ಅದರ ಮೇಲೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಮಂಚದ ಅಗಲದಲ್ಲಿ ಇನ್ನು ಆರು ಇಂಚು ಕಡಿಮೆ ಮಾಡಿಸಿ, ಹಾಸಿಗೆಯನ್ನೂ ನಾಲ್ಕೂವರೆ ಅಡಿಯ ಅಳತೆ ಕೊಟ್ಟು ಹೊಲಿಸಿಕೊಳ್ಳಿ.